ಗಾಜಿನ ಡಬ್ಬಿಯಲ್ಲಿರುವವರ ವಾರಸುದಾರರು ಯಾರು?



ಪೋಸ್ಟ್ ಉದ್ದ ಐತಿ. ಪುರುಸೊತ್ತು ಮಾಡ್ಕೊಂಡು ಓದ್ರಿ. ಅರ್ಧ ಓದಿ ಕಮೆಂಟ್ ಹಾಕಬ್ಯಾಡ್ರಿ, ಯಾಕಂದ್ರ ಕೊನೆಗೆ ನಿಮ್ಮನ್ನ ಒಂದು ಪ್ರಶ್ನೆ ಕೇಳೋದೈತಿ.

ಫೆಬ್ರವರಿ 28, ವಿಜ್ಞಾನ ದಿನ. ಆ ದಿನ ನಮ್ಮ ಭಾಗದ ಒಂದು ಮೆಡಿಕಲ್ ಕಾಲೇಜಿನವರು ತಮ್ಮ ಅಂಗರಚನಾ ಮ್ಯೂಸಿಯಂ ಅನ್ನು ಶಾಲಾ ಮಕ್ಕಳಿಗೆ ತೆರೆದಿಟ್ಟಿದ್ದರು. ಕಾಲೇಜಿನ ಹೆಸರು ಬರೆಯುವುದಿಲ್ಲ. ನಾನು ಹೇಳಬೇಕಾದದ್ದು ಒಂದು ಕಾಲೇಜಿನ ಮಾತಲ್ಲ, ಎಲ್ಲಾ ಕಡೆಯ ಮಾತು. ಯಮಕನಮರಡಿಯಿಂದ ಒಂದು ಕ್ರೂಸರ್ ಮಾಡಿಕೊಂಡು ನಮ್ಮ ಕೇರಿಯ ಮತ್ತು ಹಾಸ್ಟೆಲ್ಲಿನ 11 ಹುಡುಗ ಹುಡುಗಿಯರನ್ನು ಕರಕೊಂಡು ಹೋದೆ. ಅವರಲ್ಲಿ ಇಬ್ಬರು ಹುಡುಗಿಯರು ನೀಟ್ ಬರೆಯೋ ಹಟದಲ್ಲಿದ್ದಾರೆ. ಅವರಿಗೆ ಡಾಕ್ಟರ್ ಆಗೋದು ಅಂದ್ರ ಏನು ಅನ್ನೋದನ್ನ ಕಣ್ಣಾರೆ ತೋರಿಸಬೇಕು ಅನ್ನೋದು ನನ್ನ ಆಸೆ.

ಒಳಗೆ ಕಾಲಿಟ್ಟ ಕೂಡಲೇ ಫಾರ್ಮಲಿನ್ ವಾಸನೆ. ಕಣ್ಣು ಉರಿ. ಗೋಡೆಗುಂಟ ಗಾಜಿನ ಡಬ್ಬಿಗಳು. ಒಂದರಲ್ಲಿ ಹೃದಯ, ಒಂದರಲ್ಲಿ ಬೀಡಿ ಸೇದಿ ಕಪ್ಪಾದ ಪುಪ್ಪುಸ, ಒಂದರಲ್ಲಿ ಕಲ್ಲು ತುಂಬಿದ ಮೂತ್ರಪಿಂಡ. ಅರ್ಧ ಸೀಳಿದ ತಲೆ. ಮೊಣಕೈವರೆಗಿನ ಒಂದು ಕೈ, ಚರ್ಮ ತೆಗೆದು ನರಗಳನ್ನೆಲ್ಲ ಬಿಡಿಸಿ ಇಟ್ಟದ್ದು. ಹುಡುಗರು ಮೊದಲು ಹೆದರಿದರು, ಆಮೇಲೆ ಒಬ್ಬರನ್ನೊಬ್ಬರು ದೂಡಿಕೊಂಡು ನೋಡಾಕ ಹತ್ತಿದರು. ಅಲ್ಲಿದ್ದ ಕಿರಿಯ ಡಾಕ್ಟರ್ ಒಬ್ಬರು ಬಹಳ ಪ್ರೀತಿಯಿಂದ ಎಲ್ಲಾ ತಿಳಿಸಿ ಹೇಳಿದರು. ಆ ತಾಯಿಗೆ ನನ್ನ ಶರಣು.

ಆ ಕೈ ನೋಡ್ತಾ ನಿಂತಿದ್ದ ಒಬ್ಬ ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು: "ಅಣ್ಣಾ, ಇವ್ರೆಲ್ಲಾ ಯಾರು?"

ಡಬ್ಬಿ ಮ್ಯಾಲಿನ ಚೀಟಿ ಓದಿದೆ. ನಂಬರ್ ಇತ್ತು, ಅಂಗದ ಹೆಸರಿತ್ತು. ಅಷ್ಟೇ. ನಾನು ಡಾಕ್ಟರನ್ನು ನೋಡಿದೆ, ಡಾಕ್ಟರು ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಕಾಕಾನನ್ನು ನೋಡಿದರು. ಕಾಕಾ ಏನೂ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟ: "ಇವೆಲ್ಲಾ ಬೇವಾರ್ಸಿ ಬಾಡಿ ತಂಗಿ. ಹಿಂದಿನ ಕಾಲದ್ದು."

ಬೇವಾರ್ಸಿ. ನಮ್ಮೂರಾಗ ಇದು ಬೈಗುಳ. ಜಗಳದಾಗ ಮೊದಲು ಬರೋ ಮಾತು. ಆದರೆ ಇದರ ಮೂಲ ಅರ್ಥ ವಾರಸುದಾರರಿಲ್ಲದವನು ಅಂತ. ಅಂದ್ರ, ಸತ್ತಾಗ "ಇವ ನಮ್ಮವ" ಅಂತ ಹೇಳಾಕ ಯಾರೂ ಬಾರದವನು. ಒಬ್ಬ ಮನುಷ್ಯನ ಕೊನೆಯ ಗತಿಯನ್ನೇ ನಾವು ಬೈಗುಳ ಮಾಡಿಕೊಂಡೀವಿ.

ನನಗೆ ಆ ಕ್ಷಣಕ್ಕೆ ನೆನಪಾಗಿದ್ದು ನಮ್ಮ ಸಣ್ಣ ಕಾಕಾ. 2003ರಾಗ ಗೌಂಡಿ ಕೆಲಸಕ್ಕ ಅಂತ ಪುಣೆಗೆ ಹೋದವ. ಒಂದು ವರ್ಷ ಊರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡ್ತಿದ್ದ, ಆಮೇಲೆ ಬಂದಾಯಿತು. ಅಪ್ಪ ಎರಡು ಸಲ ಹುಡುಕಿಕೊಂಡು ಹೋಗಿ ಬಂದ. ಕಂಪ್ಲೇಂಟ್ ಕೊಡಾಕ ಹೋದರ ಇಲ್ಲಿಯವರು ಅಲ್ಲಿ ಕೊಡ್ರಿ ಅಂದರು, ಅಲ್ಲಿಯವರು ಇಲ್ಲಿ ಕೊಡ್ರಿ ಅಂದರು. ಆಯಿ ಸಾಯೋತನಕ ಅವನ ತಾಟು ತೊಳೆದು ಇಡ್ತಿದ್ದಳು. ಅವ ಬದುಕ್ಯಾನೋ ಇಲ್ಲೋ ನಮಗೆ ಇವತ್ತಿಗೂ ಗೊತ್ತಿಲ್ಲ. ಯಾವುದೋ ಫುಟ್‌ಪಾತ್ ಮೇಲೆ ಸತ್ತಿದ್ದರೆ ಅವನಿಗೂ ಹಚ್ಚಿರುತ್ತಾರೆ ಇದೇ ಹೆಸರು. ಆಯಿ ಮನೆಯಲ್ಲಿ ತಾಟು ಹಿಡ್ಕೊಂಡು ಕುಂತಿದ್ದಾಗಲೂ ಅವ ಕಾಗದದ ಮೇಲೆ ಬೇವಾರ್ಸಿ.

ಇದು ನನ್ನ ಕಲ್ಪನೆ ಅಲ್ಲ, ಕಾನೂನು ನಡೆಯೋದೇ ಹಿಂಗ. ನಮ್ಮ ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಆ ರಾಜ್ಯ 1949ರಲ್ಲೇ ಅಂಗರಚನಾ ಕಾಯ್ದೆ ಮಾಡಿತ್ತು. ನಮ್ಮ ರಾಜ್ಯದ್ದು 1957ರ ಕಾಯ್ದೆ. ಎರಡರ ತಿರುಳೂ ಒಂದೇ: ಯಾರೂ ಕೇಳಿಕೊಂಡು ಬಾರದ ಹೆಣವನ್ನು ವೈದ್ಯಕೀಯ ಕಲಿಕೆಗೆ ಕೊಡಬಹುದು. ಇದಕ್ಕೆ ಮಾದರಿ ಇಂಗ್ಲೆಂಡಿನ 1832ರ ಕಾಯ್ದೆ. ಅದಕ್ಕೂ ಮೊದಲು ಅಲ್ಲಿ ಕೊಲೆ ಮಾಡಿ ಗಲ್ಲಿಗೇರಿದವರ ಹೆಣವನ್ನು ಕೊಯ್ಯಲು ಕೊಡುತ್ತಿದ್ದರು. ಅದು ಸಾಲದಾದಾಗ ಗೋರಿ ಅಗೆದು ಹೆಣ ಕದಿಯುವ ದಂಧೆ ಶುರುವಾಯಿತು. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬ ಇಬ್ಬರು 16 ಜನ ಬಡವರನ್ನು ಕೊಂದು, ಹೆಣಗಳನ್ನು ಅಂಗರಚನಾ ಶಾಸ್ತ್ರದ ಮಾಸ್ತರನೊಬ್ಬನಿಗೆ ಮಾರಿದರು. ಊರೆಲ್ಲ ಗದ್ದಲ ಎದ್ದು, ಕೊನೆಗೆ ಬಂದ ಕಾಯ್ದೆ ಏನು ಮಾಡಿತು? ಅನಾಥ ಬಡವರ, ಬಡವರ ಗಂಜಿಕೇಂದ್ರಗಳಲ್ಲಿ ಸತ್ತವರ ಹೆಣಗಳನ್ನು ಕಾಲೇಜಿಗೆ ದಾರಿ ಮಾಡಿಕೊಟ್ಟಿತು. ಅಲ್ಲಿವರೆಗೆ ಕೊಲೆಗಡುಕನಿಗೆ ಇದ್ದ ಶಿಕ್ಷೆ ಅಲ್ಲಿಂದ ಬಡವನ ಪಾಲಿಗೆ ಬಂತು.

ಅಲ್ಲಿ ಬಡವ. ಇಲ್ಲಿ ಬಡವ ಅಂದ್ರ ಯಾರು ಅನ್ನೋದನ್ನ ನಾನು ನಿಮಗ ಬಿಡಿಸಿ ಹೇಳಬೇಕಾ?

ಇನ್ನೊಂದು ವಿಷಯ ಕೇಳ್ರಿ. ಜಗತ್ತಿನ ಮೆಡಿಕಲ್ ಕಾಲೇಜುಗಳಲ್ಲಿ ತೂಗುಹಾಕಿರೋ ಅಸ್ಥಿಪಂಜರಗಳಲ್ಲಿ ಬಹುಪಾಲು ಒಂದು ಕಾಲಕ್ಕೆ ಹೋಗಿದ್ದು ನಮ್ಮ ದೇಶದಿಂದ, ಅದರಲ್ಲೂ ಕಲ್ಕತ್ತಾದಿಂದ. ವರ್ಷಕ್ಕೆ ಹತ್ತಾರು ಸಾವಿರ ಬುರುಡೆ, ಅಸ್ಥಿಪಂಜರ ಹಡಗು ಹತ್ತುತ್ತಿದ್ದವು. 1985ರಲ್ಲಿ ಸರ್ಕಾರ ರಫ್ತು ನಿಷೇಧ ಮಾಡಿತು. ಆ ಎಲುಬುಗಳನ್ನು ಆಯ್ದು, ಕುದಿಸಿ, ತೊಳೆದು, ಬಿಳಿ ಮಾಡಿಕೊಟ್ಟವರು ಯಾರು? ಹೆಚ್ಚಿನವರು ಡೋಮ ಜಾತಿಯವರು. ಮಾರಿ ದುಡ್ಡು ಮಾಡಿದ ಕಂಪನಿಗಳವರು ಡೋಮರಲ್ಲ. ಲಂಡನ್ನಿನ, ಷಿಕಾಗೋದ ಡಾಕ್ಟರು ತೊಡೆಯೆಲುಬು ಕೈಯಲ್ಲಿ ಹಿಡಿದು ಪಾಠ ಕಲಿತಾಗ ಅದು ನಮ್ಮ ಯಾವ ಅಜ್ಜನದೋ, ಯಾವ ಅವ್ವನದೋ.

ಅದೇ ಕಲ್ಕತ್ತಾದಲ್ಲಿ 1836ರಲ್ಲಿ ಮಧುಸೂದನ ಗುಪ್ತ ಅನ್ನೋ ಪಂಡಿತರು ಮೊದಲ ಸಲ ಹೆಣ ಕೊಯ್ದರು. ಮೇಲ್ಜಾತಿಯ ಹಿಂದೂ ಒಬ್ಬ ಮೈಲಿಗೆಯ ಬೇಲಿ ದಾಟಿದ ಅಂತ ಅದು ಚರಿತ್ರೆ ಆಯಿತು. ಕೋಟೆಯಿಂದ ತೋಪು ಹಾರಿಸಿದರು ಅನ್ನೋ ಕತೆಯೂ ಐತಿ. ಅವರ ಧೈರ್ಯ ಸಣ್ಣದಲ್ಲ, ಒಪ್ಪತೀನಿ. ಆದರೆ ಆ ಹೆಣವನ್ನು ಹೊತ್ತು ತಂದು ಮೇಜಿನ ಮ್ಯಾಲೆ ಇಟ್ಟವನಿಗೆ ಯಾರೂ ತೋಪು ಹಾರಿಸಲಿಲ್ಲ. ಅವನು ದಿನಾ ಹೆಣ ಮುಟ್ಟುತ್ತಿದ್ದ. ಒಬ್ಬ ಮುಟ್ಟಿದರೆ ಕ್ರಾಂತಿ, ಇನ್ನೊಬ್ಬ ಮುಟ್ಟಿದರೆ ಅವನ ಹಣೆಬರಹ. ಇವತ್ತಿಗೂ ಬಂಗಾಳದ ಶವಾಗಾರಗಳಲ್ಲಿ ಆ ಕೆಲಸದವನನ್ನು ಕರೆಯೋದೇ 'ಡೋಮ' ಅಂತ. ಜಾತಿಯ ಹೆಸರೇ ಹುದ್ದೆಯ ಹೆಸರು. 2021ರಲ್ಲಿ ಅಲ್ಲಿಯ ಒಂದು ಸರ್ಕಾರಿ ಆಸ್ಪತ್ರೆಯ ಅಂಥ 6 ಹುದ್ದೆಗೆ ಸಾವಿರಾರು ಜನ ಅರ್ಜಿ ಹಾಕಿದ್ದು, ಅದರಲ್ಲಿ ಇಂಜಿನಿಯರ್ ಓದಿದವರೂ ಇದ್ದದ್ದು ದೊಡ್ಡ ಸುದ್ದಿ ಆಗಿತ್ತು. ಸುದ್ದಿ ಆದದ್ದು ಯಾಕ? "ಇಂಥಾ ಕೆಲಸಕ್ಕ ಓದಿದವರು ಬಂದರಲ್ಲ" ಅನ್ನೋ ಆಶ್ಚರ್ಯಕ್ಕ. ಅಲ್ಲಿವರೆಗೆ ಆ ಕೆಲಸ ಮಾಡಿದವರ ಬಗ್ಗೆ ಯಾರಿಗೂ ಆಶ್ಚರ್ಯ ಇರಲಿಲ್ಲ.

ಮ್ಯೂಸಿಯಂನ ಗೋಡೆಯ ಮ್ಯಾಲೆ ಇತಿಹಾಸದ ಒಂದು ಫಲಕ ಇತ್ತು. ಮೊದಲು ಸುಶ್ರುತ. ಆಮೇಲೆ ಗೇಲನ್, ವೆಸೇಲಿಯಸ್, ಹಂಟರ್. ನಾನು ಹುಡುಗರಿಗೆ ಒಂದು ಕತೆ ಹೇಳಿದೆ. ಅದನ್ನ ನಿಮಗೂ ಹೇಳತೀನಿ.

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಒಂದು ಪತ್ರ ಛಾಪಿಸಿತು. ಕಾವಸ್‌ಜಿ ಅನ್ನೋ ಒಬ್ಬ ಮರಾಠಾ ರೈತಾಪಿ ಮನುಷ್ಯ. ಟಿಪ್ಪುವಿನ ಮೇಲಿನ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ. ಸೆರೆ ಸಿಕ್ಕಾಗ ಅವನ ಮೂಗು, ಒಂದು ಕೈ ಕತ್ತರಿಸಿದರು. ಮುಂದೆ ಪುಣೆ ಸಮೀಪ ಒಬ್ಬ ಮನುಷ್ಯ ಅವನ ಹಣೆಯ ಚರ್ಮವನ್ನೇ ಕೊಯ್ದು, ಪೂರ್ತಿ ಬಿಡಿಸದೆ ಕೆಳಗೆ ತಿರುಗಿಸಿ, ಹೊಸ ಮೂಗು ಕಟ್ಟಿಕೊಟ್ಟ. ಇಂಗ್ಲಿಷ್ ಡಾಕ್ಟರುಗಳು ನಿಂತು ನೋಡಿದರು. ಆ ಪತ್ರ ಓದಿದ ಕಾರ್ಪ್ಯೂ ಅನ್ನೋ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಅದನ್ನೇ ಮಾಡಿ ಹೆಸರಾದ. ಯುರೋಪಿನ ಪ್ಲಾಸ್ಟಿಕ್ ಸರ್ಜರಿಗೆ ಹೊಸ ದಾರಿ ತೆರೆದದ್ದು ಹಿಂಗ.

ಈಗ ನೋಡ್ರಿ: ಮೂಗು ಕಳಕೊಂಡವನ ಹೆಸರು ಆ ಪತ್ರದಾಗ ಐತಿ. ಟಿಪ್ಪುವಿನ ಹೆಸರು ಐತಿ. ನೋಡಿದ ಇಂಗ್ಲಿಷ್ ಡಾಕ್ಟರುಗಳ ಹೆಸರು ಐತಿ. ಮೂಗು ಕಟ್ಟಿದವನ ಹೆಸರು ಮಾತ್ರ ಇಲ್ಲ. ಅವನ ಜಾತಿ ಮಾತ್ರ ಬರೆದಾರ: ಇಟ್ಟಂಗಿ ಸುಡುವವರ ಜಾತಿ. ಮಣ್ಣು ತುಳಿಯೋ ಮನುಷ್ಯ. ಅವನಿಗೆ ಸಂಸ್ಕೃತ ಬಂದಿತ್ತೋ ಇಲ್ಲೋ, ಕೈ ಮಾತ್ರ ಸರ್ಜನ್ನಿನದಾಗಿತ್ತು.

ಸುಶ್ರುತನ ಮೇಲೆ ನನಗೆ ಸಿಟ್ಟಿಲ್ಲ. ಆ ಸಂಹಿತೆಯಲ್ಲೇ ಐತಿ, ಹೆಣವನ್ನು ಹರಿಯೋ ನೀರಿನಲ್ಲಿ ಏಳು ರಾತ್ರಿ ಇಟ್ಟು, ಮೆತ್ತಗಾದ ಮೇಲೆ ಪದರ ಪದರವಾಗಿ ಉಜ್ಜಿ ತೆಗೆದು ಕಣ್ಣಾರೆ ನೋಡಬೇಕು ಅಂತ. ಕುಂಬಳಕಾಯಿ, ಸೌತೆಕಾಯಿ ಮೇಲೆ ಕೊಯ್ಯೋದು ರೂಢಿ ಮಾಡಿಕೊಳ್ಳಬೇಕು ಅಂತ. ಅಂದ್ರ ಆ ಕಾಲದ ವೈದ್ಯರಿಗೆ ಹೆಣ ಪುಸ್ತಕವಾಗಿತ್ತು. ಹಂಗಾರ ಆ ವಿದ್ಯೆ ಎಲ್ಲಿ ಹೋಯಿತು? ಮನುಸ್ಮೃತಿ ತೆಗೆದು ನೋಡ್ರಿ. ಯಾರ ಮನೆ ಅನ್ನ ಉಣ್ಣಬಾರದು ಅನ್ನೋ ಪಟ್ಟಿಯಲ್ಲಿ ವೈದ್ಯನೂ ಅದಾನ. ರಕ್ತ, ಕೀವು ಮುಟ್ಟೋನು ಅಂತ ವೈದ್ಯನನ್ನೇ ಹೊರಗಿಟ್ಟ ಸಮಾಜದಲ್ಲಿ ಶಸ್ತ್ರಚಿಕಿತ್ಸೆ ಬೆಳೆಯೋದು ಹೆಂಗ? ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರೇ ನೂರು ವರ್ಷದ ಹಿಂದೆಯೇ ಬರೆದಿದ್ದರು, ಜಾತಿ ನಮ್ಮ ದೇಶದಲ್ಲಿ ತಲೆಯನ್ನೂ ಕೈಯನ್ನೂ ಬೇರೆ ಮಾಡಿ ವಿಜ್ಞಾನವನ್ನು ಕೊಂದಿತು ಅಂತ. ಓದಿದವ ಮುಟ್ಟಲಿಲ್ಲ, ಮುಟ್ಟಿದವನನ್ನು ಓದಿಸಲಿಲ್ಲ. ಇವತ್ತು ಸುಶ್ರುತನ ಮೂರ್ತಿ ನಿಲ್ಲಿಸಿ ಹೆಮ್ಮೆ ಪಡೋರು ಈ ಎರಡನೇ ಅಧ್ಯಾಯ ಓದೋದಿಲ್ಲ.

ಯುರೋಪಿನಲ್ಲೂ ಮೊದಲು ಹಿಂಗೇ ಇತ್ತು. ಪ್ರೊಫೆಸರ್ ಎತ್ತರದ ಕುರ್ಚಿಯಲ್ಲಿ ಕುಂತು ಗೇಲನ್ನನ ಪುಸ್ತಕ ಓದುತ್ತಿದ್ದ, ಕೆಳಗೆ ಕ್ಷೌರಿಕ ಹೆಣ ಕೊಯ್ಯುತ್ತಿದ್ದ. ಗೇಲನ್ ಪ್ರಾಣಿಗಳನ್ನು ಕೊಯ್ದು ನೋಡಿ, ಮನುಷ್ಯನ ಕೆಳದವಡೆ ಎರಡು ಎಲುಬಿನದು ಅಂತ ಬರೆದಿದ್ದ. ಕೆಳಗೆ ಕೊಯ್ಯುವವನ ಕೈಯಲ್ಲಿ ಒಂದೇ ಎಲುಬು ಇದ್ದರೂ ನೂರಾರು ವರ್ಷ ಪುಸ್ತಕದ ಮಾತೇ ನಡೆಯಿತು. ವೆಸೇಲಿಯಸ್ ಕುರ್ಚಿಯಿಂದ ಇಳಿದು ತಾನೇ ಚಾಕು ಹಿಡಿದ, 1543ರಲ್ಲಿ ಪುಸ್ತಕ ಬರೆದ, ತಪ್ಪು ತಿದ್ದಿದ. ಇಂಗ್ಲೆಂಡಿನಲ್ಲಿ ಸರ್ಜನ್ನರೂ ಕ್ಷೌರಿಕರೂ 1745ರವರೆಗೆ ಒಂದೇ ಸಂಘದಲ್ಲಿದ್ದರು. ಅಲ್ಲಿ ಕ್ಷೌರಿಕನ ಕಸುಬು ಸರ್ಜನ್ ಆಯಿತು. ಇಲ್ಲಿ ನಮ್ಮ ಹಡಪದರು ಹುಣ್ಣು ಕೊಯ್ದರು, ನಮ್ಮ ಸೂಲಗಿತ್ತಿಯರು ಹೆರಿಗೆ ಮಾಡಿದರು, ಅವರ ಮಕ್ಕಳಿಗೆ ಮೆಡಿಕಲ್ ಕಾಲೇಜಿನ ಬಾಗಿಲು ತೆರೆಯಾಕ ಸಂವಿಧಾನ ಬರಬೇಕಾಯಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಖುಷಿ. ಅಂಥಾ ಸಾವಿರಾರು ಅವ್ವಂದಿರು ಹೊಕ್ಕಳಬಳ್ಳಿ ಕೊಯ್ದು, ಆ ಮನೆಯ ಹೊಸ್ತಿಲ ಹೊರಗೇ ಕುಂತು ಉಂಡು ಬಂದಾರ.

ಮತ್ತ ಆ ಎತ್ತರದ ಕುರ್ಚಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಪೋಸ್ಟ್‌ಮಾರ್ಟಂ ಕೋಣೆ ಹೊರಗೆ ಕಾದು ನಿಂತವರಿಗೆ ಗೊತ್ತೈತಿ. ಎಷ್ಟೋ ಕಡೆ ಡಾಕ್ಟರು ಬರೆದುಕೊಳ್ಳತಾರ, ಕೊಯ್ಯೋದು, ಎತ್ತೋದು, ಹೊಲಿಯೋದು ಗ್ರೂಪ್ ಡಿ ನೌಕರ. ಅವನ ಜಾತಿ ಕೇಳೋ ಅಗತ್ಯ ಇಲ್ಲ. ಕೈಗೆ ಸರಿಯಾದ ಗ್ಲೌಸ್ ಇರೋದಿಲ್ಲ. ಕುಡೀದೆ ಆ ಕೆಲಸ ಮಾಡಾಕ ಆಗೂದಿಲ್ಲ ಅಂತ ಅವನೇ ಹೇಳತಾನ, ಆಮೇಲೆ ಅವ ಕುಡುಕ ಅಂತ ನಾವು ಹೇಳತೀವಿ.

ಚರ್ಮ ತೆಗೆದ ಆ ಕೈ ನೋಡಿದಾಗ ನನಗೆ ಮುತ್ಯಾನೂ ನೆನಪಾದ. ಸತ್ತ ದನ ಎಳಕೊಂಡು ಬಂದು ಸುಲಿಯುತ್ತಿದ್ದವ. ಎಲ್ಲಿ ಚಾಕು ಇಟ್ಟರೆ ತೊಗಲು ಹರಿಯದೆ ಬಿಡ್ತೈತಿ, ಯಾವ ಕೀಲು ಎಲ್ಲಿ ಕಳಚ್ತೈತಿ, ಯಾವ ನರ ಎಲ್ಲಿ ಹಾದು ಹೋಗ್ತೈತಿ, ಕಣ್ಣು ಮುಚ್ಚಿ ಹೇಳುತ್ತಿದ್ದನಂತೆ. ಆ ಡಾಕ್ಟರು ಮೊದಲ ವರ್ಷ ಕಲಿತದ್ದರಲ್ಲಿ ಎಷ್ಟೋ ಮುತ್ಯಾನಿಗೆ ಗೊತ್ತಿತ್ತು. ಅದಕ್ಕೆ ಅವನಿಗೆ ಸಿಕ್ಕಿದ್ದು ಸರ್ಟಿಫಿಕೇಟ್ ಅಲ್ಲ, ಊರ ಹೊರಗಿನ ಗುಡಿಸಲು. ತಪ್ಪು ತಿಳೀಬ್ಯಾಡ್ರಿ, ನಾನು ಆ ಕೆಲಸ ಹೊಗಳಾಕತ್ತಿಲ್ಲ. ಸತ್ತ ದನ ಎಳೆಯೋದು ಬಿಡ್ರಿ ಅಂತ ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಹೇಳಿದ್ದೇ ನಮಗೆ ದಾರಿ. ನಮ್ಮ ಅಪ್ಪ ಬಿಟ್ಟ, ಅದಕ್ಕೇ ನಾನು ಓದಿದೆ. ನಾನು ಹೇಳೋದಿಷ್ಟೇ: ಒಂದೇ ತಿಳುವಳಿಕೆ ಬಿಳಿ ಕೋಟು ಹಾಕಿದಾಗ ವಿಜ್ಞಾನ ಆಗಿ, ನಮ್ಮ ಮೈಮ್ಯಾಲೆ ಮೈಲಿಗೆ ಆಗೋದು ಹೆಂಗ?

ಈಗ ಕೆಲವು ಸಂಗಾತಿಗಳು ಕೇಳತೀರಿ, "ನೀವು ವಿಜ್ಞಾನ ವಿರೋಧಿನಾ? ಹೆಣ ಕೊಯ್ಯದೆ ಡಾಕ್ಟರ್ ಆಗೋದು ಹೆಂಗ?" ಖಂಡಿತಾ ಅಲ್ಲ. ನಮ್ಮ ಅವ್ವನ ಹೊಟ್ಟೆಯ ಆಪರೇಶನ್ ಮೀರಜಿನಲ್ಲಿ ಆಯಿತು. ನಮ್ಮ ಕಡೆ ಮಂದಿಗೆ ಮೀರಜ್ ಅಂದ್ರ ಆಪರೇಶನ್, 1894ರಲ್ಲಿ ವಾನ್ಲೆಸ್ ಡಾಕ್ಟರು ಅಲ್ಲಿ ಮಿಷನ್ ದವಾಖಾನಿ ತೆರೆದಾಗಿನಿಂದ. ಅವ್ವನ ಹೊಟ್ಟೆ ಕೊಯ್ದ ಸರ್ಜನ್ ಯಾವುದೋ ಒಂದು ಹೆಣದ ಮ್ಯಾಲೆ ಕಲಿತೇ ಬಂದಿರತಾನ. ಅವ್ವ ಬದುಕಿದ್ದು ಆ ಹೆಸರಿಲ್ಲದವನ ಋಣದಿಂದ. ನಮ್ಮ ಹುಡುಗಿಯರೂ ನಾಳೆ ಅಲ್ಲೇ ಕಲೀಬೇಕು. ಮ್ಯೂಸಿಯಂ ಮುಚ್ಚಬೇಕು ಅನ್ನೋದು ನನ್ನ ವಾದ ಅಲ್ಲ. ಋಣ ಇದೆ ಅಂತ ಗೋಡೆ ಮ್ಯಾಲೆ ಬರೀರಿ ಅನ್ನೋದು ನನ್ನ ವಾದ.

ಜಗತ್ತು ಬರೆಯಾಕ ಹತ್ತೈತಿ. ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂನಲ್ಲಿ ಚಾರ್ಲ್ಸ್ ಬರ್ನ್ ಅನ್ನೋ ಅತಿ ಎತ್ತರದ ಐರಿಷ್ ಮನುಷ್ಯನ ಅಸ್ಥಿಪಂಜರ ಇನ್ನೂರು ವರ್ಷಕ್ಕಿಂತ ಹೆಚ್ಚು ಕಾಲ ಪ್ರದರ್ಶನಕ್ಕಿತ್ತು. ಸತ್ತ ಮೇಲೆ ತನ್ನನ್ನು ಸಮುದ್ರಕ್ಕೆ ಹಾಕ್ರಿ ಅಂತ ಅವ ಬೇಡಿಕೊಂಡಿದ್ದ. ಆದರೂ ಹಂಟರ್ ಹೆಣ ದಕ್ಕಿಸಿಕೊಂಡ. 2023ರಲ್ಲಿ ಮ್ಯೂಸಿಯಂ ಮತ್ತೆ ತೆರೆದಾಗ ಅವನನ್ನು ಪ್ರದರ್ಶನದಿಂದ ತೆಗೆದಿದ್ದರು. ಅಮೆರಿಕದಲ್ಲಿ ಮ್ಯಾರಿಯನ್ ಸಿಮ್ಸ್ ಅನ್ನೋ ಸರ್ಜನ್, ಗುಲಾಮಗಿರಿಯಲ್ಲಿದ್ದ ಕಪ್ಪು ಹೆಣ್ಣುಮಕ್ಕಳ ಮೇಲೆ ಅರಿವಳಿಕೆ ಇಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿ 'ಸ್ತ್ರೀರೋಗ ಶಾಸ್ತ್ರದ ಪಿತಾಮಹ' ಅನಿಸಿಕೊಂಡಿದ್ದ. ಅವನ ಮೂರ್ತಿಯನ್ನು 2018ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಎತ್ತಿದರು. ಅನಾರ್ಕಾ, ಬೆಟ್ಸಿ, ಲೂಸಿ ಅನ್ನೋ ಆ ಹೆಣ್ಣುಮಕ್ಕಳ ಹೆಸರನ್ನು ಜನ ಈಗ ಹೇಳಾಕ ಹತ್ಯಾರ. ಕಪ್ಪು ಜನ ಕೇಳಿದ್ದಕ್ಕೆ ಆಯಿತು. ನಾವು ಕೇಳಬೇಕಲ್ಲ?

ಹಂಗಾಗಿ ಕೇಳತೀನಿ.

ಒಂದು: ಪ್ರತಿ ಅಂಗರಚನಾ ಮ್ಯೂಸಿಯಂನ ಬಾಗಿಲಲ್ಲಿ, ಈ ದೇಹಗಳು ಯಾವ ದಾರಿಯಿಂದ ಬಂದವು ಅಂತ ಕನ್ನಡದಲ್ಲಿ ಒಂದು ಫಲಕ ಹಾಕಬೇಕು. ದಾನ ಎಷ್ಟು, ವಾರಸುದಾರರಿಲ್ಲದ್ದು ಎಷ್ಟು ಅಂತ ಗೊತ್ತಿದ್ದಷ್ಟು ಬರೀಬೇಕು.

ಎರಡು: ಒಬ್ಬನನ್ನು ವಾರಸುದಾರರಿಲ್ಲದವ ಅಂತ ಕರೆಯೋ ಮೊದಲು ನಿಜವಾಗಿ ಹುಡುಕಬೇಕು. ಕಬ್ಬು ಕಡಿಯೋರ ಗುಂಪು, ಗೌಂಡಿಗಳ ಶೆಡ್ಡು, ಬಸ್‌ಸ್ಟ್ಯಾಂಡು, ಎರಡೂ ರಾಜ್ಯದ ಠಾಣೆ, ಮರಾಠಿ ಕನ್ನಡ ಎರಡರಲ್ಲೂ ಪ್ರಕಟಣೆ. ಎಲ್ಲಾ ಠಾಣೆಗಳಿಗೂ ಫೋಟೊ ಕಳಿಸೋದು ಈಗ ಒಂದು ಗಳಿಗೆಯ ಕೆಲಸ.

ಮೂರು: ಶವಾಗಾರದ ನೌಕರರಿಗೆ ಕಾಯಂ ನೌಕರಿ, ರಕ್ಷಣೆಯ ಸಾಮಾನು, ತಂತ್ರಜ್ಞ ಅನ್ನೋ ಗೌರವದ ಹುದ್ದೆ. ಹೆಣ ಹೂಳೋ ಮಸಣ ಕಾರ್ಮಿಕರಿಗೂ ಅದೇ ಮಾತು.

ನಾಲ್ಕು: ದೇಹದಾನ ಮಾಡ್ರಿ ಅಂತ ಭಾಷಣ ಮಾಡೋ ದೊಡ್ಡವರು ಮೊದಲು ತಮ್ಮ ಮನೆಯಿಂದ ಶುರು ಮಾಡಬೇಕು. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಮೇಲ್ಪಂಕ್ತಿ ಐತಿ. ಬೈಲಹೊಂಗಲದ ಡಾ. ರಾಮಣ್ಣವರ ಅವರು ತಮ್ಮ ದೇಹ ದಾನ ಬರೆದು 2008ರಲ್ಲಿ ತೀರಿಕೊಂಡರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅವರ ಮಗ ಡಾ. ಮಹಾಂತೇಶ ರಾಮಣ್ಣವರ, ತಂದೆಯ ಇಚ್ಛೆಯಂತೆ, ತಂದೆಯ ದೇಹವನ್ನು ತಾವೇ ವಿದ್ಯಾರ್ಥಿಗಳ ಮುಂದೆ ವಿಚ್ಛೇದನ ಮಾಡಿ ಪಾಠ ಹೇಳಿದರು. ಅಲ್ಲಿ ಹೆಸರಿತ್ತು, ಒಪ್ಪಿಗೆ ಇತ್ತು, ಪ್ರೀತಿ ಇತ್ತು. ನಾನು ಬೇಡೋದು ಈ ಮೂರನ್ನೇ.

ಕೊನೆಗೆ ನನ್ನ ಮನೆಯ ಮಾತು. ಆ ದಿನ ಬರುವಾಗ ದೇಹದಾನದ ಫಾರ್ಮ್ ಒಂದು ತಂದೆ. ಪ್ರತಿ ವರ್ಷ ಡಿಸೆಂಬರ್ 6ರಂದು ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಮೌಢ್ಯದ ವಿರುದ್ಧ ಕಾರ್ಯಕ್ರಮ ನಡೀತೈತಿ. ನಮ್ಮ ಯಮಕನಮರಡಿ ಕ್ಷೇತ್ರದ ಶಾಸಕರು ಆ ರಾತ್ರಿ ಸ್ಮಶಾನದಲ್ಲೇ ಮಲಗಿದ್ದನ್ನು ನೀವೆಲ್ಲ ನೋಡೀರಿ. ಅಲ್ಲಿ ಕುಂತು ಉಂಡವ ನಾನು, ಹೆಣದ ಭಯ ಇಲ್ಲ. ಸಹಿ ಮಾಡೋದು ಸಣ್ಣ ಕೆಲಸ ಅನ್ಕೊಂಡಿದ್ದೆ.

ಅವ್ವ ಫಾರ್ಮ್ ನೋಡಿ ಕೇಳಿದಳು: "ಏನಪಾ ಇದು?" ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅಂದಳು:

"ನಿಮ್ಮಪ್ಪ ಸತ್ತಾಗ ಹೂಳಾಕ ಜಾಗಾ ಇರಲಿಲ್ಲ. ಹಳ್ಳದ ದಂಡಿಗೆ ಹೂಳಿದ್ವಿ, ಮಳಿಗಾಲಕ್ಕ ಹರಕೊಂಡು ಹೋತು. ಆಮ್ಯಾಗ ನೀನ ಹೋರಾಟ ಮಾಡಿ, ತಹಶೀಲ್ದಾರರ ಮುಂದ ಕುಂತು, ನಮ್ಮ ಮಂದಿಗಿ ಮಸಣದ ಜಾಗಾ ಮಾಡಿಸಿದಿ. ಈಗ ನೀನ ಅಲ್ಲಿಗಿ ಬರೂದುಲ್ಲ ಅಂತಿ. ನಮ್ಮವ್ರ ಹೆಣಾ ಯಾವಾಗ್ಲೂ ಮಂದಿ ಉಪಯೋಗಕ್ಕ ಬೇಕೇನಪಾ? ಒಂದ್ಸಲನಾರ ನಮ್ಮ ಮಣ್ಣಾಗ ಮಲಗಬಾರ್ದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಪೂರ್ತಿ ಇಲ್ಲ.

ಆದರೆ ಯೋಚನೆ ಮಾಡಿ ನಾನು ಬಂದ ತೀರ್ಮಾನ ಇದು. ಅವ್ವನ ಮಾತು ಮೌಢ್ಯ ಅಲ್ಲ, ಹಕ್ಕು. ಹೂಳಿಸಿಕೊಳ್ಳೋ ಹಕ್ಕು ಇದ್ದವನು ಮಾತ್ರ ದೇಹವನ್ನು ದಾನ ಮಾಡಬಲ್ಲ. ಹಕ್ಕಿಲ್ಲದವನಿಂದ ತಗೊಂಡದ್ದು ದಾನ ಅಲ್ಲ. ಮೂರು ಅಡಿ ಜಾಗ ಈಗ ನನಗೆ ಐತಿ. ಅದಕ್ಕೇ ಅದನ್ನು ಬಿಟ್ಟುಕೊಡೋ ಸ್ವಾತಂತ್ರ್ಯವೂ ಐತಿ. ನಾನು ಸಹಿ ಮಾಡೀನಿ. ನನ್ನ ಡಬ್ಬಿ ಮ್ಯಾಲೆ ನನ್ನ ಹೆಸರು, ನನ್ನ ಊರು ಬರೀರಿ ಅಂತ ಒಂದು ಚೀಟಿ ಲಗತ್ತಿಸೀನಿ. ಮನೆಯವರ ಸಹಿಯ ಜಾಗ ಇನ್ನೂ ಖಾಲಿ ಐತಿ. ಅವ್ವ ಮಾಡಿಲ್ಲ. ನಾನು ಒತ್ತಾಯ ಮಾಡೋದಿಲ್ಲ. ಅವಳ ಒಪ್ಪಿಗೆ ಇಲ್ಲದೆ ತಗೊಂಡರೆ ನನಗೂ ಆ ಕಾಯ್ದೆಗೂ ಏನು ಫರಕು?

ವಾಪಸ್ ಬರುವಾಗ ಕ್ರೂಸರಿನಲ್ಲಿ ಆ ಹುಡುಗಿ ಮತ್ತೆ ಕೇಳಿದಳು, "ಅಣ್ಣಾ, ಅವ್ರಿಗೆ ಯಾರೂ ಇಲ್ಲಂದ್ರ ನಾವು ಹೋಗಿ ನಮ್ಮವ್ರು ಅಂತ ಹೇಳಾಕ ಬರೂದಿಲ್ಲೇನು?"

ಕಾನೂನಿನಲ್ಲಿ ಬರ್ತೈತೋ ಇಲ್ಲೋ, ಈ ಏಪ್ರಿಲ್ 14ರ ನಂತರ ನಾವು ಒಂದು ದಿನ ಹೂವು ಹಿಡಕೊಂಡು ಆ ಕಾಲೇಜಿಗೆ ಹೋಗ್ತೀವಿ. ಡಬ್ಬಿಗಳ ಮುಂದೆ ಇಟ್ಟು ಬರಾಕ ಪರವಾನಗಿ ಕೇಳಿ ಅರ್ಜಿ ಕೊಟ್ಟೀವಿ. ಆ ಅಟೆಂಡರ್ ಕಾಕಾನನ್ನೂ ಕರೆದೀವಿ, ಅವನಿಗೂ ಒಂದು ಶಾಲು ಹೊದಿಸೋದೈತಿ.

ನಿಮಗೆ ನನ್ನ ಪ್ರಶ್ನೆ: ನಿಮ್ಮ ಮನೆಯಾಗೂ ಹಂಗ ಹೋಗಿ ಬಾರದವರು ಯಾರಾದರೂ ಅದಾರೇನು? ಇದ್ದರೆ ಅವರ ಹೆಸರನ್ನು ಕೆಳಗೆ ಬರೀರಿ. ಬರೀ ಹೆಸರು ಸಾಕು. ಹೂವು ಇಡುವಾಗ ಆ ಹೆಸರುಗಳನ್ನ ನಾವು ಗಟ್ಟಿಯಾಗಿ ಓದ್ತೀವಿ.

ಜೈಭೀಮ್.